ಮಾತು ತಡವಾದ ಮಗು: ‘ಆಟಿಸಂ’ ಎಂದು ಖಚಿತವಾಗುವವರೆಗೆ ಕಾಯಬೇಕೆ?

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲವೆಂದರೆ ಮನೆಯಲ್ಲಿ ಕೇಳಿಬರುವ ಸಮಾಧಾನದ ಮಾತುಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ‘ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು’, ‘ಗಂಡುಮಕ್ಕಳು ಸ್ವಲ್ಪ ನಿಧಾನ’, ‘ಶಾಲೆಗೆ ಸೇರಿಸಿದರೆ ತಾನಾಗಿಯೇ ಸರಿಹೋಗುತ್ತದೆ’. ಈ ಮಾತುಗಳ ಹಿಂದೆ ಪ್ರೀತಿಯಿದೆ, ಕೆಲವೊಮ್ಮೆ ಅವು ನಿಜವೂ ಆಗುತ್ತವೆ. ತಡವಾಗಿ ಮಾತು ಕಲಿತು ಮುಂದೆ ಎಲ್ಲರಂತೆ ಬೆಳೆದ ಮಕ್ಕಳು ಬಹಳ ಮಂದಿ ಇದ್ದಾರೆ. ಆದರೆ ಎರಡನೆಯ ವರ್ಷದಲ್ಲಿ ಯಾವ ಮಗು ತಾನಾಗಿಯೇ ಸರಿಹೋಗುತ್ತದೆ, ಯಾವ ಮಗುವಿಗೆ ನೆರವು ಬೇಕಾಗುತ್ತದೆ ಎಂದು ಮನೆಯವರು ನೋಡಿದ ಮಾತ್ರಕ್ಕೆ ಹೇಳಲಾಗದು. ಕಾದು ನೋಡುವ ಸಲಹೆಯ ಅಪಾಯ ಇರುವುದು ಇಲ್ಲಿಯೇ.

ಆಟಿಸಂ ಅಥವಾ ಸ್ವಲೀನತೆಯ ಬಗ್ಗೆ ಹಿಂದೆಂದೂ ಇಲ್ಲದಷ್ಟು ಸುದ್ದಿ ಈಗ ಬರುತ್ತಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅಲ್ಲಿನ ಸಮೀಕ್ಷಾ ಪ್ರದೇಶಗಳ 8 ವರ್ಷದ ಮಕ್ಕಳಲ್ಲಿ 31ಕ್ಕೆ ಒಬ್ಬರಲ್ಲಿ ಆಟಿಸಂ ಗುರುತಿಸಲಾಗಿದೆ. 2000ದ ಸಮೀಕ್ಷೆಯಲ್ಲಿ ಇದು 150ಕ್ಕೆ ಒಬ್ಬರಾಗಿತ್ತು. ವ್ಯಾಖ್ಯೆ ವಿಸ್ತಾರವಾದದ್ದು, ತಪಾಸಣೆ ಹೆಚ್ಚಿದ್ದು ಈ ಏರಿಕೆಗೆ ಬಹುಮಟ್ಟಿನ ಕಾರಣ. ಭಾರತದಲ್ಲಿ ಐದು ಪ್ರದೇಶಗಳ 2ರಿಂದ 9 ವರ್ಷದ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶ್ರವಣದೋಷ, ಮೂರ್ಛೆರೋಗ, ಮಾತಿನ ತೊಂದರೆ, ಬೌದ್ಧಿಕ ವಿಳಂಬ, ಆಟಿಸಂ ಇತ್ಯಾದಿ ಒಂಬತ್ತು ಸ್ಥಿತಿಗಳಲ್ಲಿ ಒಂದಾದರೂ ಇರುವ ಮಕ್ಕಳು ಸುಮಾರು ಎಂಟಕ್ಕೆ ಒಬ್ಬರು ಎಂದು ಅಂದಾಜು ಮಾಡಿತು. ಅಂದರೆ ಇದು ಎಲ್ಲೋ ದೂರದ, ಅಪರೂಪದ ಸಂಗತಿಯಲ್ಲ. ನಮ್ಮ ಬೀದಿಯಲ್ಲಿ, ಬಂಧುಬಳಗದಲ್ಲಿ ಇರುವ ವಿಷಯ.

ಗಮನಿಸಬೇಕಾದ ಲಕ್ಷಣಗಳು

ಮಾತು ಎಷ್ಟು ಬಂದಿದೆ ಎಂಬುದೊಂದನ್ನೇ ಮನೆಯವರು ಎಣಿಸುತ್ತಾರೆ. ತಜ್ಞರು ಅದಕ್ಕಿಂತ ಮೊದಲು ನೋಡುವುದು ಮಗು ಇನ್ನೊಬ್ಬರೊಡನೆ ಹೇಗೆ ಬೆರೆಯುತ್ತದೆ ಎಂಬುದನ್ನು. ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ಮಗು ತಿರುಗಿ ನೋಡಬೇಕು, ಟಾಟಾ ಮಾಡುವಂಥ ಸನ್ನೆಗಳು ಬರಬೇಕು. ಒಂದೂವರೆ ವರ್ಷದ ಹೊತ್ತಿಗೆ ಕಾಗೆಯನ್ನೋ ಬಸ್ಸನ್ನೋ ಬೆರಳಿನಿಂದ ತೋರಿಸಿ, ‘ನೋಡಿದೆಯಾ’ ಎಂಬಂತೆ ತಾಯಿಯ ಮುಖ ನೋಡಬೇಕು. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದ ಜೋಡಿಸಿ ತಾನಾಗಿ ಹೇಳಬೇಕು. ಬಂದಿದ್ದ ಮಾತು ಅಥವಾ ನಗು ಯಾವ ವಯಸ್ಸಿನಲ್ಲೇ ಆಗಲಿ ಮರೆಯಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೇಕಾದ್ದನ್ನು ಬಾಯಲ್ಲಿ ಕೇಳದೆ ದೊಡ್ಡವರ ಕೈ ಹಿಡಿದು ಎಳೆದೊಯ್ಯುವುದು, ಆಟಿಕೆಯ ಕಾರನ್ನು ಓಡಿಸದೆ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು, ತುದಿಗಾಲಲ್ಲೇ ನಡೆಯುವುದು, ಎರಡು ಮೂರು ಬಗೆಯ ಆಹಾರ ಬಿಟ್ಟು ಬೇರೇನನ್ನೂ ಮುಟ್ಟದಿರುವುದು ಸಹ ಕಾಣಬಹುದು. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಆಟಿಸಂ ಎಂದಲ್ಲ. ಹಲವು ಒಟ್ಟಿಗೆ ಕಂಡರೆ ತಪಾಸಣೆ ಬೇಕು ಎಂದಷ್ಟೇ ಅರ್ಥ.

ಇದಕ್ಕೆ ಮನೆಯಲ್ಲೇ ಒಂದು ಸಾಧನವಿದೆ. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಜೊತೆಗೆ ಮಗುವಿನ ಬೆಳವಣಿಗೆಯ ಹಂತಗಳೂ ಚಿತ್ರಸಹಿತ ಇರುತ್ತವೆ. ಲಸಿಕೆ ಮುಗಿದ ಮೇಲೆ ಬೀರುವಿನಲ್ಲಿ ಇಟ್ಟುಬಿಟ್ಟ ಕಾರ್ಡನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಸಂದೇಹಕ್ಕೂ ನಿರ್ಣಯಕ್ಕೂ ನಡುವಿನ ಅಂತರ

ಅಮೆರಿಕದ ಮಕ್ಕಳ ವೈದ್ಯರ ಸಂಘ 18 ಮತ್ತು 24ನೇ ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಆಟಿಸಂ ತಪಾಸಣೆ ಆಗಬೇಕು ಎನ್ನುತ್ತದೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಬಳಕೆಯಲ್ಲಿದೆ. ಪೋಷಕರೇ ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಈ ಪಟ್ಟಿಗೆ ಕೆಲವೇ ನಿಮಿಷ ಸಾಕು. ಇಷ್ಟಿದ್ದರೂ ಅದೇ ದೇಶದಲ್ಲಿ ಆಟಿಸಂ ಖಚಿತವಾಗುವ ಮಧ್ಯಮ ವಯಸ್ಸು 47 ತಿಂಗಳು ಎಂದು ಸಿಡಿಸಿ ವರದಿ ಹೇಳುತ್ತದೆ. ಲಕ್ಷಣ ಕಾಣುವುದು ಒಂದೂವರೆ ಎರಡು ವರ್ಷದಲ್ಲಿ, ಹೆಸರು ಸಿಗುವುದು ನಾಲ್ಕು ವರ್ಷದ ಸುಮಾರಿಗೆ. ನಡುವಿನ ಎರಡು ವರ್ಷ ಮಿದುಳು ಅತಿ ವೇಗವಾಗಿ ಕಲಿಯುವ ಕಾಲ.

ಪೋಷಕರು ಈ ಅವಧಿಯನ್ನು ‘ಇದು ಆಟಿಸಂ ಹೌದೋ ಅಲ್ಲವೋ’ ಎಂಬ ಒಂದೇ ಪ್ರಶ್ನೆಯಲ್ಲಿ ಕಳೆಯುತ್ತಾರೆ. ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆದಾಟ ನಡೆಯುತ್ತದೆ. ಹೌದು ಎಂದರೆ ನಂಬಲು ಮನಸ್ಸಿಲ್ಲ, ಅಲ್ಲ ಎಂದರೆ ನೆಮ್ಮದಿಯಿಲ್ಲ. ಆದರೆ ಎರಡು ವರ್ಷದ ಮಗುವಿಗೆ ಬೇಕಾದ ಆರಂಭದ ನೆರವು ಈ ಉತ್ತರಕ್ಕಾಗಿ ಕಾಯುವುದಿಲ್ಲ. ಮಾತು, ಸನ್ನೆ, ಆಟ, ಗಮನ ಇವುಗಳಲ್ಲಿ ವಿಳಂಬವಿದೆ ಎಂದು ಕಂಡರೆ ಅವುಗಳಿಗೆ ಬೇಕಾದ ತರಬೇತಿಯನ್ನು ಅಂದೇ ತೊಡಗಬಹುದು. ಮುಂದೆ ಆಟಿಸಂ ಅಲ್ಲವೆಂದು ಗೊತ್ತಾದರೆ ಮಗುವಿಗೆ ನಷ್ಟವೇನಿಲ್ಲ. ಹೌದೆಂದಾದರೆ ಎರಡು ವರ್ಷ ಉಳಿದಂತಾಯಿತು.

ಕಾನೂನು ಎಲ್ಲ ಮಕ್ಕಳಿಗೆ, ತಪಾಸಣೆ ಅಂಗನವಾಡಿಗೆ

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಹಳೆಯ 1995ರ ಕಾಯ್ದೆಯಲ್ಲಿದ್ದ 7 ಬಗೆಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಆಟಿಸಂ ಅನ್ನೂ ಸೇರಿಸಿತು. ಅದರ 25ನೇ ಕಲಮು ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿ ಅಪಾಯದ ಅಂಚಿನಲ್ಲಿರುವವರನ್ನು ಗುರುತಿಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ.

ಇದನ್ನು ಕಾರ್ಯರೂಪಕ್ಕೆ ತರುವ ವ್ಯವಸ್ಥೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಬೇಕು. ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕಳುಹಿಸಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರ್‌ನಲ್ಲಿ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆರಂಭದ ಲಕ್ಷಣ ಗುರುತಿಸುವುದು, ಅಂಥ ಮಗುವನ್ನು ಉಳಿದವರ ಜೊತೆಯಲ್ಲೇ ಕಲಿಸುವುದು, ಪೋಷಕರನ್ನು ಆಸ್ಪತ್ರೆಯೊಂದಿಗೆ ಜೋಡಿಸುವುದು ಅದರ ಮೂರು ಹೆಜ್ಜೆಗಳು.

ಇಲ್ಲೊಂದು ದೊಡ್ಡ ಬಿರುಕಿದೆ. ಈ ತಪಾಸಣೆ ತಲುಪುವುದು ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಬಾಗಿಲಿಗೆ. ಖಾಸಗಿ ನರ್ಸಿಂಗ್ ಹೋಂನಲ್ಲಿ ಹುಟ್ಟಿ, ಖಾಸಗಿ ಕ್ಲಿನಿಕ್‌ನಲ್ಲಿ ಲಸಿಕೆ ಪಡೆದು, ಬೀದಿಯ ಕೊನೆಯ ಪ್ಲೇ ಹೋಂಗೆ ಹೋಗುವ ಮಗು ಈ ಜಾಲದ ಹೊರಗೆ ಉಳಿಯುತ್ತದೆ. ಕ್ಲಿನಿಕ್‌ನಲ್ಲಿ ತೂಕ, ಜ್ವರ, ಕೆಮ್ಮಿನ ವಿಚಾರಕ್ಕೇ ಸಮಯ ಮುಗಿಯುತ್ತದೆ. ಪ್ಲೇ ಹೋಂನಲ್ಲಿ ‘ಮಗು ಸ್ವಲ್ಪ ಹಟಮಾರಿ, ಕೂರುವುದಿಲ್ಲ’ ಎಂಬ ದೂರಿನ ಹೊರತು ಹೆಚ್ಚೇನೂ ಸಿಗುವುದಿಲ್ಲ. ರಾಜ್ಯದ ಬಹುಪಾಲು ಮಧ್ಯಮ ವರ್ಗದ ಕುಟುಂಬಗಳ ಸ್ಥಿತಿ ಇದು. ವ್ಯಾಪಾರ, ನೌಕರಿ, ಕೃಷಿಯಲ್ಲಿ ನೆಲೆಗೊಂಡ ಜೈನ ಕುಟುಂಬಗಳೂ ಬಹುಮಟ್ಟಿಗೆ ಇದರಲ್ಲೇ ಸೇರುತ್ತವೆ. 2011ರ ಜನಗಣತಿಯಲ್ಲಿ ದೇಶದ ಜೈನರ ಸಾಕ್ಷರತೆ ಶೇ. 94.9ರಷ್ಟಿತ್ತು. ಆದರೆ ಓದು ಬರಹ ಬಂದ ಮಾತ್ರಕ್ಕೆ ಮಗುವಿನ ತಪಾಸಣೆ ಆಗಿಬಿಡುವುದಿಲ್ಲ. ಅಂಗನವಾಡಿಯ ಮಗುವಿಗಾದರೂ ವರ್ಷಕ್ಕೆರಡು ಬಾರಿ ಕೇಳುವವರಿದ್ದಾರೆ. ಶುಲ್ಕ ಕೊಟ್ಟು ಕಳುಹಿಸುವ ಮಗುವಿನ ವಿಷಯದಲ್ಲಿ ಮನೆಯವರೇ ಕೇಳಬೇಕು.

ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ಕಿವಿಯ ಪರೀಕ್ಷೆ. ಹೆಸರು ಕರೆದರೆ ತಿರುಗದ ಮಗುವಿಗೆ ಶ್ರವಣದೋಷವೂ ಇರಬಹುದು. ಟಿ.ವಿ. ಸದ್ದಿಗೆ ಓಡಿ ಬರುತ್ತದೆ ಎಂಬ ಕಾರಣಕ್ಕೆ ಕಿವಿ ಸರಿಯಿದೆ ಎಂದುಕೊಳ್ಳುವುದು ಸರಿಯಲ್ಲ. ಮಗು ಮಲಗಿದ್ದಾಗ ಮಾಡುವ ಬೇರಾ ಪರೀಕ್ಷೆಯಿಂದ ಇದು ಸ್ಪಷ್ಟವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ, ಮಾತು ಮತ್ತು ಭಾಷೆಯ ತಪಾಸಣೆ ಹಾಗೂ ತರಬೇತಿ ಒಂದೇ ಕಡೆ ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಜಿಲ್ಲೆಗಳಲ್ಲಿ ಇರುವವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಬಗ್ಗೆ ವಿಚಾರಿಸಬಹುದು.

ಖಾಸಗಿ ಥೆರಪಿ ಕೇಂದ್ರಕ್ಕೆ ಹೋಗುವವರು ಒಂದನ್ನು ತಪ್ಪದೆ ಕೇಳಬೇಕು. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ಪೋಷಕರ ಹಕ್ಕು. ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡು, ಒಳಗೇನು ನಡೆಯಿತೆಂದು ಹೇಳದ ಕೇಂದ್ರಕ್ಕಿಂತ, ತಾಯಿತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯಲ್ಲಿ ಮಾಡಬೇಕಾದ್ದನ್ನು ಕಲಿಸುವ ಕೇಂದ್ರ ಮೇಲು.

ಮನೆಯೇ ಮೊದಲ ಪಾಠಶಾಲೆ

ಈ ಮಾತಿಗೆ ಆಧಾರವಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಆಟಿಸಂ ಮಕ್ಕಳ ಕುಟುಂಬಗಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಪೋಷಕರಿಗೆ ಮಗುವಿನೊಡನೆ ಒಡನಾಡುವ ರೀತಿಯನ್ನು ಕಲಿಸಿದರು. ಪೋಷಕರು ಮಗುವಿನ ಆಸಕ್ತಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಗು ತಾನಾಗಿ ಸಂಪರ್ಕಕ್ಕೆ ಮುಂದಾಗುವುದೂ ಹೆಚ್ಚಿತು. ದೊಡ್ಡ ಊರಿನ ದುಬಾರಿ ಕೇಂದ್ರಕ್ಕೆ ದಿನವೂ ಹೋಗಲಾಗದ ಕುಟುಂಬಗಳಿಗೆ ಇದು ಭರವಸೆಯ ಸಂಗತಿ.

ಮಾಡಬೇಕಾದ್ದು ಸರಳ, ಆದರೆ ದಿನವೂ ಮಾಡಬೇಕು. ಮಗುವಿನ ಎದುರು, ಅದರ ಕಣ್ಣಿನ ಮಟ್ಟಕ್ಕೆ ಕುಳಿತು ಆಡುವುದು. ಅದು ಯಾವುದನ್ನು ನೋಡುತ್ತಿದೆಯೋ ಅದರ ಬಗ್ಗೆಯೇ ಒಂದೆರಡು ಪದ ಹೇಳುವುದು. ಅದು ಮಾಡಿದ ಸದ್ದನ್ನೇ ತಿರುಗಿ ಮಾಡುವುದು. ಪದ ಹೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಕಾಯುವುದು. ಹಾಲಿನ ಲೋಟವನ್ನು ಕೇಳುವ ಮೊದಲೇ ಕೈಗಿಡುವ ಬದಲು, ಕಾಣುವಂತೆ ಹಿಡಿದು ಮಗು ನೋಡಲು, ಕೈಚಾಚಲು, ಸದ್ದು ಮಾಡಲು ಅವಕಾಶ ಕೊಡುವುದು. ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ ಇರುವ ಮನೆಯಲ್ಲಿ ಮಗುವಿಗೆ ಆಡುವ ಜೊತೆಗಾರರು ಹೆಚ್ಚು. ಅದೇ ಮನೆಯಲ್ಲಿ, ಮಗು ಕೇಳುವ ಮೊದಲೇ ಎಲ್ಲವನ್ನೂ ಒದಗಿಸುವವರೂ ಹೆಚ್ಚು. ಒಬ್ಬರು ಕಲಿತದ್ದನ್ನು ಎಲ್ಲರೂ ಪಾಲಿಸಿದರೆ ಮಾತ್ರ ಅದು ನಿಲ್ಲುತ್ತದೆ.

ಮನೆಯಲ್ಲಿ ಕನ್ನಡ, ತುಳು, ಮರಾಠಿ, ಮಾರವಾಡಿ, ಗುಜರಾತಿ, ಹಿಂದಿ ಹೀಗೆ ಎರಡು ಮೂರು ಭಾಷೆ ಇದ್ದರೆ ಮಗುವಿಗೆ ಗೊಂದಲವಾಗಿ ಮಾತು ನಿಂತಿದೆ ಎನ್ನುವವರಿದ್ದಾರೆ. ‘ಇಂಗ್ಲಿಷ್ ಮಾತ್ರ ಆಡಿ’ ಎಂಬ ಸಲಹೆಯೂ ಬರುತ್ತದೆ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಮಕ್ಕಳ ಭಾಷೆಗೆ ಹಾನಿಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಬೆಂಬಲವಿಲ್ಲ. ಅಜ್ಜಿಗೆ ಬಾರದ ಭಾಷೆಯನ್ನು ಮನೆಯ ಭಾಷೆ ಮಾಡಿದರೆ ಮಗು ಅಜ್ಜಿಯ ಮಾತನ್ನೇ ಕಳೆದುಕೊಳ್ಳುತ್ತದೆ.

ಮೊಬೈಲ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ ಸ್ಪಷ್ಟವಾಗಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಅನಂತರ ದಿನಕ್ಕೆ ಒಂದು ಗಂಟೆ ಮೀರದಿರಲಿ. ಮೊಬೈಲ್ ಕೊಟ್ಟದ್ದರಿಂದಲೇ ಆಟಿಸಂ ಬಂತು ಎಂದು ತಾಯಿಯನ್ನು ದೂರುವುದು ಬೇರೆ ಮಾತು, ಅದಕ್ಕೆ ಆಧಾರವಿಲ್ಲ. ಪರದೆಯ ಮುಂದೆ ಕಳೆದ ಹೊತ್ತು ಮನುಷ್ಯರೊಡನೆ ಕಳೆಯಬೇಕಾಗಿದ್ದ ಹೊತ್ತು ಎಂಬುದೇ ಅದನ್ನು ಕಡಿಮೆ ಮಾಡಲು ಸಾಕಷ್ಟು ಕಾರಣ.

ಭಯದ ಸುದ್ದಿ, ಭರವಸೆಯ ವ್ಯಾಪಾರ

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಗರ್ಭಿಣಿಯರು ಪ್ಯಾರಸಿಟಮಾಲ್ ಸೇವಿಸುವುದಕ್ಕೂ ಆಟಿಸಂಗೂ ನಂಟು ಕಲ್ಪಿಸಿ ಹೇಳಿಕೆ ನೀಡಿದರು. ಅಂಥ ನಂಟಿಗೆ ಸುಸಂಗತ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕೂಡಲೇ ಸ್ಪಷ್ಟಪಡಿಸಿತು. ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ನಂಟು ಕಾಣಲಿಲ್ಲ. ಲಸಿಕೆಯ ಮೇಲಿನ ಆರೋಪವೂ ಹೀಗೆಯೇ. ಅದಕ್ಕೆ ಮೂಲವಾದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ 6.5 ಲಕ್ಷಕ್ಕೂ ಹೆಚ್ಚು ಮಕ್ಕಳ 2019ರ ಅಧ್ಯಯನದಲ್ಲೂ ದಡಾರ ಲಸಿಕೆಗೂ ಆಟಿಸಂಗೂ ಸಂಬಂಧ ಕಂಡುಬರಲಿಲ್ಲ.

ಭಯದ ಜೊತೆಗೇ ವ್ಯಾಪಾರ ಬೆಳೆಯುತ್ತದೆ. ಲಕ್ಷಾಂತರ ರೂಪಾಯಿಯ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ಕಂಡು ಒಡವೆ ಮಾರಲು ಸಿದ್ಧವಾಗುವ ಪೋಷಕರಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ನೀಡುವುದು ವೃತ್ತಿ ದುರ್ನಡತೆ ಎಂದು ಹೇಳಿದೆ.

ಆಹಾರದ ವಿಷಯ ನಮ್ಮ ಮನೆಗಳಿಗೆ ಹೆಚ್ಚು ಸಂಬಂಧಿಸಿದ್ದು. ಗೋಧಿ ಮತ್ತು ಹಾಲನ್ನು ಪೂರ್ತಿ ಬಿಡಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಎಂಬ ಸಲಹೆ ವ್ಯಾಪಕವಾಗಿದೆ. ಇದಕ್ಕೆ ಗಟ್ಟಿ ಪುರಾವೆ ಇಲ್ಲ. ಮೊಟ್ಟೆ, ಮೀನು, ಮಾಂಸ ಇಲ್ಲದ ಮನೆಯಲ್ಲಿ ಮಗುವಿಗೆ ಬಿ12 ಜೀವಸತ್ವ, ಕ್ಯಾಲ್ಸಿಯಂ, ಉತ್ತಮ ಪ್ರೋಟೀನ್ ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಮೊದಲೇ ಎರಡು ಮೂರು ಪದಾರ್ಥವಷ್ಟೇ ತಿನ್ನುವ ಮಗುವಿನ ಹಾಲನ್ನೂ ನಿಲ್ಲಿಸಿದರೆ ಪೌಷ್ಟಿಕತೆಯ ಕೊರತೆ ಖಂಡಿತ ಕಾಡುತ್ತದೆ. ವೈದ್ಯರು ಪರೀಕ್ಷಿಸಿ ಅಲರ್ಜಿ ಇದೆ ಎಂದರೆ ಮಾತ್ರ ಅದು ಬೇರೆ ವಿಷಯ.

ಪ್ರಮಾಣಪತ್ರದ ಪ್ರಶ್ನೆ

ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಎಂಬ ಅಂಜಿಕೆ ಸಹಜ. ತರಬೇತಿ ಆರಂಭಿಸಲು ಅದು ಬೇಕಾಗಿಲ್ಲ. ಆದರೆ ಆಟಿಸಂ ಖಚಿತವಾದ ಮೇಲೆ ಅದರಿಂದ ಸಿಗುವ ಅನುಕೂಲಗಳನ್ನು ಬಿಟ್ಟುಕೊಡುವುದು ಜಾಣತನವಲ್ಲ. ಆಟಿಸಂನ ಪ್ರಮಾಣವನ್ನು 40 ಅಂಶಗಳ ಭಾರತೀಯ ಮಾಪನದಿಂದ ಅಳೆಯುತ್ತಾರೆ. ಸರ್ಕಾರಿ ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ. 40ರ ಮಿತಿ ಇದೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದು, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಪಾಲಿದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ 75,000 ರೂಪಾಯಿ, ತೀವ್ರ ಸ್ಥಿತಿಯಾದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಗುವನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎಂದು 2016ರ ಕಾಯ್ದೆ ಹೇಳುತ್ತದೆ.

ಸಮಾಜ ಮಾಡಬಹುದಾದದ್ದು

ಎಷ್ಟೋ ಮನೆಗಳಲ್ಲಿ ತಪಾಸಣೆ ತಡವಾಗುವುದು ಹಣದ ಕೊರತೆಯಿಂದಲ್ಲ, ‘ನಾಲ್ಕು ಜನಕ್ಕೆ ಗೊತ್ತಾದರೆ’ ಎಂಬ ಅಳುಕಿನಿಂದ. ಮನೆಯಲ್ಲಿ ಮದುವೆಗೆ ಬಂದ ಅತ್ತೆಯೋ ಚಿಕ್ಕಪ್ಪನೋ ಇದ್ದರೆ, ಸಂಬಂಧ ಕೂಡುವವರೆಗೆ ಮಗುವಿನ ವಿಷಯ ಹೊರಗೆ ಬರಬಾರದು ಎನ್ನಲಾಗುತ್ತದೆ. ಒಂದು ಮದುವೆ ನಿಶ್ಚಯವಾಗುವ ಹೊತ್ತಿಗೆ ಮಗುವಿನ ಎರಡು ವರ್ಷ ಕಳೆದಿರುತ್ತದೆ. ಆಟಿಸಂನಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದೆಂಬುದು ನಿಜ, ಮೊದಲ ಮಗುವಿಗೆ ಆಟಿಸಂ ಇದ್ದರೆ ತಮ್ಮ ಅಥವಾ ತಂಗಿಯಲ್ಲಿ ಕಾಣುವ ಸಾಧ್ಯತೆ ಸುಮಾರು ಐದಕ್ಕೆ ಒಂದು. ಆದ್ದರಿಂದ ಎರಡನೆಯ ಮಗುವನ್ನು ಹುಟ್ಟಿದಾಗಿನಿಂದ ಗಮನಿಸಬೇಕು. ಮುಚ್ಚಿಟ್ಟರೆ ಆ ಗಮನವೂ ತಪ್ಪುತ್ತದೆ.

ಇನ್ನೊಂದು ಹೊರೆ ಬೀಳುವುದು ತಾಯಿಯ ಮೇಲೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ವೈದ್ಯರೇ ಮಮತೆಯಿಲ್ಲದ ತಾಯಿಯಿಂದ ಆಟಿಸಂ ಬರುತ್ತದೆ ಎಂದು ಹೇಳುತ್ತಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ತಮ್ಮ ಪುಸ್ತಕದಲ್ಲಿ ಅದನ್ನು ಖಂಡಿಸಿದರು, ಇಂದು ಆ ವಾದಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಅದೇ ದೂರು ‘ಕೆಲಸಕ್ಕೆ ಹೋದಳು’, ‘ಮೊಬೈಲ್ ಕೊಟ್ಟಳು’, ‘ಯಾವ ಕರ್ಮವೋ’ ಎಂಬ ರೂಪದಲ್ಲಿ ಉಳಿದಿದೆ. ಕರ್ಮ ಸಿದ್ಧಾಂತ ತನ್ನನ್ನು ತಾನು ತಿದ್ದಿಕೊಳ್ಳಲು ಇರುವಂಥದ್ದು, ದಣಿದ ತಾಯಿಯತ್ತ ಬೆರಳು ತೋರಲು ಅಲ್ಲ. ರಾತ್ರಿ ನಿದ್ದೆಯಿಲ್ಲದೆ, ಮಾತಾಡಲು ಯಾರೂ ಇಲ್ಲದೆ ಕುಗ್ಗಿದ ಪೋಷಕರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ಲಭ್ಯವಿದೆ.

ಸಮಾಜದ ಸಂಘ, ಟ್ರಸ್ಟ್, ಮಹಿಳಾ ಮಂಡಳಗಳು ವರ್ಷವೂ ಪ್ರತಿಭಾ ಪುರಸ್ಕಾರ ನಡೆಸುತ್ತವೆ, ಆರೋಗ್ಯ ಶಿಬಿರದಲ್ಲಿ ಕಣ್ಣು, ಸಕ್ಕರೆ, ರಕ್ತದೊತ್ತಡ ಪರೀಕ್ಷಿಸುತ್ತವೆ. ಅದೇ ಶಿಬಿರದಲ್ಲಿ ಒಂದು ಮೇಜನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಮೀಸಲಿಟ್ಟು, ನೋಂದಾಯಿತ ಸ್ಪೀಚ್ ಥೆರಪಿಸ್ಟ್ ಒಬ್ಬರನ್ನು ಕೂರಿಸುವುದಕ್ಕೆ ದೊಡ್ಡ ಖರ್ಚಿಲ್ಲ. ವಿದ್ಯಾರ್ಥಿವೇತನದ ನಿಧಿಯಲ್ಲಿ ಒಂದು ಪಾಲು ಥೆರಪಿಯ ಶುಲ್ಕಕ್ಕೂ ಹೋಗಬಹುದು. ಸಮುದಾಯ ಭವನದ ಸಮಾರಂಭದಲ್ಲಿ ಧ್ವನಿವರ್ಧಕದ ಅಬ್ಬರದಿಂದ ದೂರದ ಒಂದು ಕೋಣೆಯನ್ನು ತೆರೆದಿಟ್ಟರೆ, ಮಗುವಿನ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತಿದ್ದ ಕುಟುಂಬವೂ ಬರುತ್ತದೆ.

ಆಟಿಸಂ ಜೀವನಪರ್ಯಂತ ಇರುವ ಸ್ಥಿತಿ. ಮಾತ್ರೆ ಕೊಟ್ಟು ಅದನ್ನು ಕಳೆಯಲಾಗದು. ಮಗು ತನಗೆ ಬೇಕಾದ್ದನ್ನು ಹೇಳಲು, ತನ್ನ ಕೆಲಸ ತಾನು ಮಾಡಿಕೊಳ್ಳಲು, ತನ್ನವರ ನಡುವೆ ನೆಮ್ಮದಿಯಿಂದ ಇರಲು ಕಲಿಯುವುದು ಸಾಧ್ಯ. ಎಷ್ಟು ಕಲಿಯುತ್ತದೆ ಎಂಬುದು ಮಗುವಿನಿಂದ ಮಗುವಿಗೆ ಬೇರೆ. ಎಂದು ಆರಂಭಿಸಬೇಕು ಎಂಬುದು ಮಾತ್ರ ಮನೆಯವರ ಕೈಯಲ್ಲಿದೆ. ಸಂದೇಹ ಬಂದ ವಾರದಲ್ಲೇ ಕಿವಿಯ ಪರೀಕ್ಷೆಗೆ ಸಮಯ ಕೇಳುವುದು, ಅಂದು ಸಂಜೆಯೇ ಮೊಬೈಲ್ ಬದಿಗಿಟ್ಟು ಮಗುವಿನ ಎದುರು ನೆಲದ ಮೇಲೆ ಕೂರುವುದು, ಇವೆರಡಕ್ಕೂ ಯಾರ ಪ್ರಮಾಣಪತ್ರವೂ ಬೇಕಿಲ್ಲ.